ಹದಿಮೂರನೇ ಫ್ರೇಮಿನಿಂದ

ಅವರ ಬಗ್ಗೆ ಎಲ್ಲರೂ ಹೇಳುವ ಕತೆ ಒಂದೇ. ಬ್ಯಾಂಕಿನವರು ಹೇಳುತ್ತಾರೆ, ಫೋಟೋ ಕ್ಲಬ್ಬಿನವರು ಹೇಳುತ್ತಾರೆ. ನಮ್ಮಪ್ಪನಂತೂ ಮನೆಗೆ ಯಾರೇ ಬರಲಿ, ಬಂದವರು ಕಾಫಿ ಲೋಟ ಕೆಳಗಿಡುವುದರೊಳಗೆ ಹೇಳಿ ಮುಗಿಸುತ್ತಾನೆ.

"ಪುಲಿಕಾಟ್ ಸರೋವರಕ್ಕೆ ಹೋಗಿದ್ವಿ. ಸಾವಿರಗಟ್ಟಲೆ ಫ್ಲೆಮಿಂಗೊ ಒಟ್ಟಿಗೇ ಎದ್ದವು. ಆಕಾಶವೆಲ್ಲ ಗುಲಾಬಿ. ನಮ್ಮ ಮೇಡಂ ಮಂಡಿಯೂರಿ ಕೂತು ಕ್ಲಿಕ್ಕು, ಕ್ಲಿಕ್ಕು, ಕ್ಲಿಕ್ಕು. ವಾಪಸ್ ಬರುವಾಗ ವ್ಯಾನಿನಲ್ಲಿ ನೋಡಿದ್ರೆ ಕ್ಯಾಮೆರಾದಲ್ಲಿ ರೋಲೇ ಇಲ್ಲ!"

ಅವರ ನಿವೃತ್ತಿಯ ದಿನ ಟಿ. ನಗರದ ಬ್ರಾಂಚಿನ ಮೇಲ್ಮಹಡಿಯಲ್ಲಿ, ಗಂಧದ ಹಾರ, ಮಿಕ್ಸ್ಚರ್ ಪೊಟ್ಟಣಗಳ ನಡುವೆ, ಅಪ್ಪ ಮೈಕ್ ಹಿಡಿದು ಇದನ್ನೇ ಹೇಳಿದ. ಎಲ್ಲರೂ ನಕ್ಕರು. ಮ್ಯಾನೇಜರ್ ಕಣ್ಣೊರೆಸಿಕೊಂಡು ನಕ್ಕರು. ಹಾರ ಹಾಕಿಕೊಂಡು ಕೂತಿದ್ದ ಅವರೂ ನಕ್ಕರು. ನಾನೊಬ್ಬಳೇ ನಗಲಿಲ್ಲ. ನನಗೆ ಆಗ ಇಪ್ಪತ್ತು ವರ್ಷ, ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಊರೂರು ಸುತ್ತುತ್ತಿದ್ದೆ. ಎಲ್ಲರೂ ಒಪ್ಪಿಕೊಂಡ ಮಾತು ಕಂಡರೆ ನನಗೆ ಮೊದಲು ಅನುಮಾನ ಬರುತ್ತದೆ. ಆದರೆ ಅವತ್ತು ನಗು ಬಾರದ್ದಕ್ಕೆ ಅದಷ್ಟೇ ಕಾರಣವಲ್ಲ. ನನಗೆ ಅವರ ಎಡಗೈ ಗೊತ್ತಿತ್ತು.

ಎಡಗೈಯ ವಿಷಯಕ್ಕೆ ಬರುತ್ತೇನೆ. ಮೊದಲು ಅವರು ಯಾರು ಅಂತ ಹೇಳಬೇಕು.

ಚಿತ್ರದುರ್ಗದ ಕಡೆಯವರು. ಅಪ್ಪನ ಬ್ರಾಂಚಿನಲ್ಲೇ ಕೆಲಸ. ಚೆಕ್ಕಿನ ಮೇಲಿನ ಸಹಿಯನ್ನು ಬ್ಯಾಂಕಿನ ಕಾರ್ಡಿನಲ್ಲಿರುವ ಸಹಿಯ ಪಕ್ಕ ಇಟ್ಟು, ಇದು ಅದೇ ಕೈಯೋ ಅಲ್ಲವೋ ಅಂತ ನೋಡುವುದು ಅವರ ಕೆಲಸದ ಮುಖ್ಯ ಭಾಗ. ಪೋರೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಅನ್ನುವುದಕ್ಕೂ ಜನರ ಹತ್ತಿರ ಒಂದು ಕತೆ ಇದೆ. ಅದನ್ನೂ ನಾನು ನಂಬಿಲ್ಲ, ಆದರೆ ಆ ಕೇಸು ಇವತ್ತು ಬೇಡ. ಅಪ್ಪನಿಗೆ ಅವರು ಮೇಡಂ, ನನಗೆ ಆಂಟಿ. ಅವರಿಗೆ ನಾನು ಲಾಯರಮ್ಮ. ಈ ಹೆಸರು ಇಟ್ಟಾಗ ನನಗೆ ಹತ್ತೋ ಹನ್ನೊಂದೋ. ನಾನು ಶಾಲೆಯಲ್ಲಿ ತಮಿಳು, ಆಟದಲ್ಲಿ ತಮಿಳು, ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಬೈದರೆ ತಿರುಗಿ ಬೈಯುವುದೂ ತಮಿಳಿನಲ್ಲೇ. ಆಂಟಿ ಒಂದು ದಿನ ಹೇಳಿದರು: "ಜಗಳ ಯಾವ ಭಾಷೇಲಾದ್ರೂ ಶುರು ಮಾಡು. ನನ್ನ ಹತ್ರ ಗೆಲ್ಲಬೇಕು ಅಂದ್ರೆ ಮಾತ್ರ ಕನ್ನಡದಲ್ಲೇ ಗೆಲ್ಲಬೇಕು." ನಾನು ಕನ್ನಡ ಕಲಿತದ್ದು ಗೆಲ್ಲುವುದಕ್ಕೆ. ಅವರ ಹತ್ತಿರ ಒಂದು ಸಲವೂ ಗೆಲ್ಲಲಿಲ್ಲ ಅನ್ನುವುದು ಬೇರೆ ಮಾತು.

ಅವರ ಮನೆಯಲ್ಲಿ ಒಂದು ಮರದ ಬೀರು ಇತ್ತು. ಅದರೊಳಗೆ ಹಗಲೂ ರಾತ್ರಿ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ಹಳದಿ ಬೆಳಕು ಗೆರೆಯಾಗಿ ಕಾಣುತ್ತಿತ್ತು. ನಾನು ಬಹಳ ದಿನ ಅದನ್ನು ದೇವರ ಮನೆ ಅಂತಲೇ ತಿಳಿದಿದ್ದೆ, ಒಂದು ಸಲ ಕೈ ಮುಗಿದೂ ಇದ್ದೆ. ಬಾಗಿಲು ತೆಗೆದರೆ ಒಳಗೆ ಒಂದು ಹಳೆಯ ಕ್ಯಾಮೆರಾ, ಎರಡು ಲೆನ್ಸು. ಈ ಊರಿನ ಸಮುದ್ರದ ಗಾಳಿಗೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಬಲ್ಬಿನ ಬಿಸಿಗೆ ಬೀರು ಒಣಗಿರುತ್ತದೆ. ಅವರ ಮನೆಯಲ್ಲಿ ಫ್ಯಾನು ಕೆಟ್ಟರೆ ವಾರಗಟ್ಟಲೆ ರಿಪೇರಿ ಇಲ್ಲ. ಆ ಬಲ್ಬು ಹೋದರೆ ಅರ್ಧ ಗಂಟೆಯಲ್ಲಿ ಹೊಸದು.

ಅಪ್ಪನಿಗೆ ಹಕ್ಕಿ ಫೋಟೋದ ಹುಚ್ಚು ಹತ್ತಿಸಿದ್ದು ಅವರೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ನೇರವಾಗಿ ಹೋಗಿ, "ಮೇಡಂ, ಯಾವ ಲೆನ್ಸ್ ತಗೊಳ್ಲಿ?" ಅಂತ ಕೇಳಿದ. ಬೇರೆ ಯಾರನ್ನು ಕೇಳಿದ್ದರೂ ಒಂದು ಹೆಸರು ಹೇಳಿಬಿಡುತ್ತಿದ್ದರು. ಇವರು ತಿರುಗಿ ಕೇಳಿದರು: "ಪೋರೂರು ಕೆರೇಲಿ ಬೆಳ್ಳಕ್ಕಿ ನಿಮ್ಮನ್ನ ಎಷ್ಟು ಹೆಜ್ಜೆ ಹತ್ರ ಬಿಡುತ್ತೆ?"

ಅಪ್ಪನಿಗೆ ಗೊತ್ತಿರಲಿಲ್ಲ.

"ಅದು ಗೊತ್ತಾಗ್ಲಿ. ಆಮೇಲೆ ಅಂಗಡಿಗೆ ಹೋಗೋಣ."

ಹೀಗೆ ಎರಡು ತಿಂಗಳು ಅಪ್ಪ ಪ್ರತಿ ಭಾನುವಾರ ಬೆಳಗ್ಗೆ ಕ್ಯಾಮೆರಾ ಇಲ್ಲದೆ ಕೆರೆಯ ಏರಿಯ ಮೇಲೆ ನಡೆದ. ಹಕ್ಕಿ ಕಂಡಲ್ಲಿ ನಿಲ್ಲಬೇಕು, ನಿಧಾನವಾಗಿ ಅದರ ಕಡೆ ಹೆಜ್ಜೆ ಹಾಕಬೇಕು, ಅದು ಹಾರಿದ ತಕ್ಷಣ ನಿಂತು, ಅದು ಕೂತಿದ್ದ ಜಾಗದವರೆಗೆ ಹೆಜ್ಜೆ ಎಣಿಸಬೇಕು, ಬರೆದುಕೊಳ್ಳಬೇಕು. ಆ ನೋಟ್‌ಬುಕ್ ನಮ್ಮ ಮನೆಯಲ್ಲಿ ಈಗಲೂ ಇದೆ. ಬೆಳ್ಳಕ್ಕಿ, ಇಪ್ಪತ್ತೆರಡು. ಮಿಂಚುಳ್ಳಿ, ಮೂವತ್ತು. ಇನ್ನೊಂದು ಮಿಂಚುಳ್ಳಿ, ಹದಿನಾಲ್ಕು, ಪಕ್ಕದಲ್ಲಿ ಅಪ್ಪನ ಷರಾ: 'ಇದು ದಡ್ಡ ಇರಬೇಕು.' ಅದರ ಕೆಳಗೆ ಆಂಟಿಯ ಕೈಬರಹ: 'ಅಥವಾ ನೀವು ಇವತ್ತು ಸರಿಯಾಗಿ ನಡೆದಿರಬೇಕು.'

ಎರಡು ತಿಂಗಳ ಕೊನೆಗೆ ನೋಟ್‌ಬುಕ್ ಹೇಳಿತು: ನಿನಗೆ ಇಷ್ಟು ಉದ್ದದ ಲೆನ್ಸ್ ಸಾಕು. ಮುನ್ನೂರು ಮಿಲಿಮೀಟರ್. ಕ್ಲಬ್ಬಿನಲ್ಲಿ ಒಬ್ಬರು ಮೂಗು ಮುರಿದರು. ಅವರ ಹತ್ತಿರ ಐನೂರರ ಕನ್ನಡಿ ಲೆನ್ಸ್ ಇತ್ತು. ಗಾಜಿನ ಬದಲು ಒಳಗೆ ಕನ್ನಡಿ, ಹಗುರ, ಅಗ್ಗ. ಆಂಟಿ ಅವರ ಒಂದು ಸ್ಲೈಡನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಹಕ್ಕಿಯೇನೋ ಚೆನ್ನಾಗಿತ್ತು, ಹಿಂದಿನ ನೀರಿನ ಹೊಳಪೆಲ್ಲ ಸಣ್ಣ ಸಣ್ಣ ಉಂಗುರಗಳಾಗಿದ್ದವು. "ನೋಡಿ ಸಾರ್, ಮುಂದೆ ಬಾತುಕೋಳಿ, ಹಿಂದೆಲ್ಲ ಉದ್ದಿನವಡೆ. ನಿಮಗೆ ತಿಂಡಿಯ ಫೋಟೋ ಬೇಕಿದ್ರೆ ಇದನ್ನೇ ತಗೊಳ್ಳಿ."

ಲೆನ್ಸ್ ಹುಡುಕಲು ಅವರು ಅಪ್ಪನನ್ನು ಕರೆದುಕೊಂಡು ಹೋದದ್ದು ಥಳಥಳಿಸುವ ಶೋರೂಮಿಗಲ್ಲ. ಕೋಡಂಬಾಕ್ಕಂನ ಒಂದು ಗಲ್ಲಿಯಲ್ಲಿ ಸಿನಿಮಾ ಕ್ಯಾಮೆರಾಗಳನ್ನು ರಿಪೇರಿ ಮಾಡಿ ಮಾಡಿ ಬೆನ್ನು ಬಾಗಿದ್ದ ಒಬ್ಬ ಮೆಕ್ಯಾನಿಕ್ ಇದ್ದರು. ಸೆಕೆಂಡ್‌ಹ್ಯಾಂಡ್ ಲೆನ್ಸುಗಳು ಅವರ ಮೇಜಿಗೆ ಬರುತ್ತಿದ್ದವು. ಅವರು ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ತೋರಿಸುತ್ತಿದ್ದರು. ಮೊದಲ ಲೆನ್ಸಿನೊಳಗೆ ಬಿಳಿ ಬೂಷ್ಟು ಬೇರು ಬಿಟ್ಟಿತ್ತು. ಎರಡನೆಯದರಲ್ಲಿ ಸ್ಕ್ರೂ ತಲೆ ಸವೆದಿತ್ತು, ಯಾರೋ ಬಿಚ್ಚಿದ್ದಾರೆ. ಮೂರನೆಯದನ್ನು ಆಂಟಿ ಸಹಿ ನೋಡುವ ಹಾಗೆ ಐದು ನಿಮಿಷ ನೋಡಿ, ಏನೂ ಹೇಳದೆ ಅಪ್ಪನ ಕೈಗೆ ಕೊಟ್ಟರಂತೆ. ಮೆಕ್ಯಾನಿಕ್ ಅಪ್ಪನಿಗೆ ತಮಿಳಿನಲ್ಲಿ, "ಅಮ್ಮಾ ಸುಮ್ಮನಿದ್ದಾರೆ ಅಂದ್ರೆ ತಗೋಬಹುದು ಅಂತ ಅರ್ಥ" ಅಂದರಂತೆ.

ಈಗ ಅಮ್ಮನ ಪಾತ್ರ. ಅದಿಲ್ಲದೆ ಪುಲಿಕಾಟ್ ಅರ್ಥವಾಗುವುದಿಲ್ಲ.

ಅಪ್ಪ ಶುರು ಮಾಡುವ ಮನುಷ್ಯ. ಮುಗಿಸುವ ಮನುಷ್ಯ ಅಲ್ಲ, ಅಥವಾ ಆಗ ಆಗಿರಲಿಲ್ಲ. ಲೆನ್ಸ್ ಮನೆಗೆ ಬಂದ ಸಂಜೆ ಅಮ್ಮ ಅಡುಗೆಮನೆಯಲ್ಲಿ, ಆಂಟಿಯ ಎದುರಿಗೇ ಹೇಳಿದಳು: "ಹಾರ್ಮೋನಿಯಂ ಅಟ್ಟದ ಮೇಲಿದೆ. ಮೀನಿನ ತೊಟ್ಟಿ ಅಟ್ಟದ ಮೇಲಿದೆ. ಟೆನಿಸ್ ಬ್ಯಾಟು ಅಟ್ಟದ ಮೇಲಿದೆ. ಇದಕ್ಕೂ ಅಲ್ಲೇ ಜಾಗ ಮಾಡ್ಲಾ, ಇಲ್ಲ ಈಗ್ಲೇ ಹೇಳ್ತೀರಾ?"

ಅಪ್ಪ, "ಇದು ಹಾಗಲ್ಲ ಕಣೇ" ಅಂದ. ಎಲ್ಲದಕ್ಕೂ ಅವನು ಅದನ್ನೇ ಅಂದಿದ್ದ.

"ಮೊದಲ್ನೇ ಸಲ ಹೋಗಿ ಬನ್ನಿ. ಗೋಡೆಗೆ ಹಾಕೋ ಹಾಗಿರೋ ಒಂದು ಫೋಟೋ ಬರ್ಲಿ. ಬರ್ಲಿಲ್ವಾ, ಆ ಮೆಕ್ಯಾನಿಕ್ ವಾಪಸ್ ತಗೋತಾರಂತಲ್ಲ, ಕೊಟ್ಬಿಡಿ. ಮೇಡಂ, ನೀವೇ ಸಾಕ್ಷಿ."

ಆಂಟಿ ಸಾಕ್ಷಿಯಾಗಲು ಒಪ್ಪಿದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಅಪ್ಪನ ಮುಖ ಆಗ ಹೇಗಿತ್ತು ಅಂದರೆ, ಇದು ಲೆನ್ಸಿನ ಮಾತಲ್ಲ ಅಂತ ನನ್ನ ವಯಸ್ಸಿಗೂ ತಿಳಿಯಿತು. ಇನ್ನೊಂದು ವಸ್ತು ಅಟ್ಟ ಹತ್ತಿದರೆ ಅವನು ಮತ್ತೆ ಏನನ್ನೂ ಶುರು ಮಾಡುತ್ತಿರಲಿಲ್ಲ.

ಮೊದಲ ಸಲ ಅಂದರೆ ಪುಲಿಕಾಟ್. ಕ್ಲಬ್ಬಿನ ವ್ಯಾನು, ಎಂಟು ಗಂಡಸರು, ಆಂಟಿ. ಕಂದು ಬಣ್ಣದ ಕಾಟನ್ ಸೀರೆ, ಕ್ಯಾನ್ವಾಸ್ ಶೂ, ಹೆಗಲಲ್ಲಿ ಕ್ಯಾಮೆರಾ, ಕಂಕುಳಲ್ಲಿ ರಾಗಿ ಚೀಲ. ಈ ರಾಗಿ ಚೀಲ ಕ್ಲಬ್ಬಿನಲ್ಲಿ ಪ್ರಸಿದ್ಧ. ಎಲ್ಲರೂ ಮೂರು ಕಾಲಿನ ಟ್ರೈಪಾಡ್ ಹೊತ್ತು ತರುತ್ತಿದ್ದರೆ, ಇವರು ಹಳೆಯ ಪೆಟಿಕೋಟಿನ ಬಟ್ಟೆಯಲ್ಲಿ ಚೀಲ ಹೊಲಿದು, ರಾಗಿ ತುಂಬಿ, ಕಲ್ಲಿನ ಮೇಲೋ ದೋಣಿಯ ಅಂಚಿಗೋ ಇಟ್ಟು, ಅದರ ಮೇಲೆ ಲೆನ್ಸ್ ಮಲಗಿಸುತ್ತಿದ್ದರು. ಕಡಲೆ, ಹುರುಳಿ ಎಲ್ಲ ಪ್ರಯತ್ನಿಸಿದ್ದರಂತೆ. ರಾಗಿಯಷ್ಟು ಮೆತ್ತಗೆ, ಗಟ್ಟಿಯಾಗಿ ಯಾವುದೂ ಕೂರಲಿಲ್ಲವಂತೆ. ತಮಿಳು ಗೆಳೆಯರು ಅದಕ್ಕೆ 'ಕೇಳ್ವರಗು ಟ್ರೈಪಾಡ್' ಅಂತ ಹೆಸರಿಟ್ಟಿದ್ದರು. ತಮಿಳಿನಲ್ಲಿ ರಾಗಿಗೆ ಹಾಗಂತಾರೆ. ಹೊಸ ರಾಗಿ ತುಂಬಿದಾಗ ಹಳೆಯದನ್ನು ಏನು ಮಾಡುತ್ತೀರಿ ಅಂತ ಅಮ್ಮ ಒಂದು ಸಲ ಅನುಮಾನದಿಂದ ಕೇಳಿದಳು. "ಕಳೆದ ವಾರ ನಮ್ಮನೇಲಿ ಮುದ್ದೆ ತಿಂದ್ರಲ್ಲ" ಅಂದರು ಆಂಟಿ. ಅಮ್ಮ ಇವತ್ತಿಗೂ ಅದು ತಮಾಷೆ ಅಂತಲೇ ನಂಬಿಕೊಂಡಿದ್ದಾಳೆ.

ಇನ್ನೊಂದು ಸಂಗತಿಯೂ ಕ್ಲಬ್ಬಿಗೆಲ್ಲ ಗೊತ್ತಿತ್ತು. ಅವರು ಎಲ್ಲಿಗೇ ಹೋಗಲಿ, ಒಂದೇ ರೋಲ್ ಒಯ್ಯುತ್ತಿದ್ದರು. ಮೂವತ್ತಾರು ಫೋಟೋ. ಮುಗಿದರೆ ಮುಗಿಯಿತು, ಆಮೇಲೆ ಬರೀ ನೋಡುವುದು. ನಾನು ದೊಡ್ಡವಳಾದ ಮೇಲೆ ಈ ನಿಯಮದ ಮೇಲೆ ಅವರ ಜತೆ ಬಹಳ ಜಗಳ ಮಾಡಿದ್ದೇನೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಅವರು ದಿನಕ್ಕೆ ಮೂವತ್ತಾರೇ ತೆಗೆಯುತ್ತಿದ್ದರು. "ಕಾರ್ಡಿನಲ್ಲಿ ಸಾವಿರ ಹಿಡಿಸುತ್ತೆ ಆಂಟಿ, ಇದು ಬರೀ ಹಟ" ಅಂದೆ. "ಹೌದು, ಹಟ" ಅಂದರು. ಒಪ್ಪಿಕೊಂಡುಬಿಟ್ಟರೆ ಎದುರಾಳಿ ಏನು ಮಾಡಬೇಕು? ಈ ವಿಷಯದಲ್ಲಿ ಅವರು ತಪ್ಪು ಅಂತಲೇ ನನ್ನ ವಾದ, ಈಗಲೂ. ಹೊಸಬರ ಮೇಲೆ ಸಿಡುಕುವುದರಲ್ಲೂ ಅವರದು ತಪ್ಪೇ. ಗೂಡಿನ ಹತ್ತಿರ ಹೋದ ಒಬ್ಬ ಹುಡುಗನನ್ನು ಪಳ್ಳಿಕರಣೆಯ ಜೌಗಿನಲ್ಲಿ ಎಲ್ಲರೆದುರು ಬೈದು ಅಳಿಸಿದ್ದರು. ಅವರನ್ನು ಸಂತರ ಹಾಗೆ ಹೊಗಳುವ ಉದ್ದೇಶ ನನಗಿಲ್ಲ.

ಎಡಗೈಗೆ ಬರೋಣ.

ಹಳೆಯ ಕ್ಯಾಮೆರಾದಲ್ಲಿ ಬಲಗಡೆ ಒಂದು ಸನ್ನೆ, ಲಿವರ್ ಅಂತಾರಲ್ಲ, ಅದು. ಪ್ರತಿ ಫೋಟೋ ಆದ ಮೇಲೆ ಅದನ್ನು ಹೆಬ್ಬೆರಳಿನಿಂದ ಎಳೆದರೆ ರೋಲು ಒಂದು ಫ್ರೇಮು ಮುಂದೆ ಹೋಗುತ್ತದೆ. ಆಗ ಎಡಗಡೆಯ ಗುಂಡಿ ತಾನಾಗಿಯೇ ಸ್ವಲ್ಪ ತಿರುಗುತ್ತದೆ. ಒಳಗೆ ರೋಲ್ ಇಲ್ಲದಿದ್ದರೆ ಸನ್ನೆ ಎಳೆಯಬಹುದು, ಕ್ಲಿಕ್ ಸದ್ದೂ ಬರುತ್ತದೆ, ಗುಂಡಿ ಮಾತ್ರ ಅಲುಗುವುದಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ಆಂಟಿ ನನಗೆ ಕಲಿಸಿದ ಮೊದಲ ಪಾಠ ಇದು. ಬೆಳಕಲ್ಲ, ಫೋಕಸ್ಸಲ್ಲ. "ಪ್ರತಿ ಸಲ ಎಡಗೈ ಬೆರಳು ಆ ಗುಂಡಿ ಮೇಲಿರ್ಬೇಕು. ತಿರುಗ್ಲಿಲ್ಲ ಅಂದ್ರೆ ನೀನು ಗಾಳಿಗೆ ಫೋಟೋ ತೆಗೀತಿದ್ದೀಯ." ಅವರ ತೋರುಬೆರಳು ಯಾವಾಗಲೂ ಅಲ್ಲೇ. ಬಸ್ಸಿನಲ್ಲಿ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತಾಗಲೂ ಅಲ್ಲೇ.

ಅಂಥವರು ಇಡೀ ಫ್ಲೆಮಿಂಗೊ ಹಿಂಡು ಏಳುವಾಗ, ಇಪ್ಪತ್ತೋ ಮೂವತ್ತೋ ಸಲ ಸನ್ನೆ ಎಳೆದು, ರೋಲ್ ಇಲ್ಲ ಅಂತ ತಿಳಿಯದೆ ಕೂತಿದ್ದರೇ? ಮರೆವು ಯಾರಿಗಾದರೂ ಬರಬಹುದು, ಒಪ್ಪುತ್ತೇನೆ. ಒಂದು ಸಲ ಮರೆಯಬಹುದು. ಮೂವತ್ತು ಸಲ ಸತತವಾಗಿ ಬೆರಳು ಮರೆಯುವುದಿಲ್ಲ. ಕ್ಯಾಮೆರಾ ಖಾಲಿ ಅಂತ ಅವರಿಗೆ ಗೊತ್ತಿತ್ತು. ಇಷ್ಟು ನನಗೆ ನಿವೃತ್ತಿಯ ದಿನವೇ ಖಚಿತವಿತ್ತು. ಗೊತ್ತಿದ್ದೂ ಯಾಕೆ ಕ್ಲಿಕ್ಕಿಸಿದರು ಅನ್ನುವುದು ಖಚಿತವಿರಲಿಲ್ಲ.

ಪುರಾವೆ ಸಿಕ್ಕಿದ್ದು ಅದಾಗಿ ಎರಡು ವಾರಕ್ಕೆ. ಅವರು ಊರು ಬಿಟ್ಟು ಮೈಸೂರಿಗೆ, ತಂಗಿಯ ಮನೆಯ ಹತ್ತಿರಕ್ಕೆ ಹೋಗುವವರಿದ್ದರು. ಸ್ಲೈಡುಗಳ ಪೆಟ್ಟಿಗೆಗಳನ್ನು ನನಗೆ ಕೊಟ್ಟು, "ನಿಮ್ ಕಾಲೇಜಲ್ಲಿ ಸ್ಕ್ಯಾನರ್ ಇದೆ ಅಂದ್ಯಲ್ಲ, ಎಲ್ಲಾ ಕಂಪ್ಯೂಟರಿಗೆ ಹಾಕ್ಕೊಡು" ಅಂದರು. ಸ್ಲೈಡ್ ಅಂದರೆ ಆಗಿನ ಕಾಲದ ಬಣ್ಣದ ರೋಲನ್ನು ಕತ್ತರಿಸಿ, ಒಂದೊಂದು ಫೋಟೋವನ್ನು ಎರಡು ಬೆರಳಗಲದ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದ್ದು. ಲ್ಯಾಬಿನವರು ರಟ್ಟಿನ ಮೇಲೆ ತಿಂಗಳ ಮುದ್ರೆ, ಫ್ರೇಮಿನ ನಂಬರು ಹಾಕುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಪ್ರತಿ ಪ್ರವಾಸಕ್ಕೂ ಮೂವತ್ತಾರು ಸ್ಲೈಡು, ಸಾಲಾಗಿ. ಒಂದು ಪ್ರವಾಸಕ್ಕೆ ಮಾತ್ರ ಹನ್ನೊಂದೇ ಇದ್ದವು. ಒಂದರಿಂದ ಹನ್ನೊಂದು. ಒದ್ದೆ ಮರಳಿನ ಮೇಲೆ ಸಣ್ಣ ಹಕ್ಕಿಗಳ ಕಾಲಿನ ಗುರುತು, ಕಟ್ಟಿಹಾಕಿದ ದೋಣಿ, ದೋಣಿಯ ಅಂಚಿನಲ್ಲಿ ರಾಗಿ ಚೀಲದ ನೆರಳು. ಪುಲಿಕಾಟ್.

ಖಾಲಿ ಕ್ಯಾಮೆರಾದಿಂದ ಹನ್ನೊಂದು ಫೋಟೋ ಹೇಗೆ ಬಂತು?

ಮನೆಗೆ ಬಂದು ಅಪ್ಪನ ಪೆಟ್ಟಿಗೆ ತೆಗೆದೆ. ಅಪ್ಪನ ಪುಲಿಕಾಟ್ ಸ್ಲೈಡುಗಳು ನಾಲ್ಕು ಸಾಲು. ಮೊದಲ ಮೂರು ಸಾಲು ಪೂರ್ತಿ ಮೂವತ್ತಾರು, ಬರೀ ಬೆಳ್ಳಕ್ಕಿ, ಕಡಲಕಾಗೆ. ಬೆಳಗಿನ ಹತ್ತು ಗಂಟೆಯೊಳಗೆ ಮೂರು ರೋಲ್ ಮುಗಿಸಿದ್ದ. ಅವನದು ಒತ್ತಿದರೆ ಟರ್ರ್ ಅಂತ ಓಡುವ ಆಟೊಮ್ಯಾಟಿಕ್ ಕ್ಯಾಮೆರಾ. ನಾಲ್ಕನೇ ಸಾಲು ಹದಿಮೂರನೇ ನಂಬರಿನಿಂದ ಶುರುವಾಗಿ ಮೂವತ್ತಾರಕ್ಕೆ ಮುಗಿಯುತ್ತಿತ್ತು. ಎಲ್ಲವೂ ಫ್ಲೆಮಿಂಗೊ. ಅವುಗಳಲ್ಲಿ ಇಪ್ಪತ್ತೇಳನೆಯದು ನಮ್ಮ ನಡುಮನೆಯ ಗೋಡೆಯ ಮೇಲಿದೆ: ಹಿಂಡಿಗಿಂತ ಮೊದಲು ಎದ್ದ ಒಂದೇ ಒಂದು ಹಕ್ಕಿ, ನೀರಿನ ಮೇಲೆ ಓಡುತ್ತಿದೆ, ಇನ್ನೂ ಹಾರಿಲ್ಲ, ಹಿಂದೆ ದೋಣಿ ನೂಕುವ ಮೀನುಗಾರನ ಜಲ್ಲೆ. ಬ್ಯಾಂಕ್ ನೌಕರರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದದ್ದು, ಮರುವರ್ಷ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಬಂದದ್ದು. ಅಮ್ಮ ತಾನೇ ಮೊಳೆ ಹೊಡೆಸಿ ಗೋಡೆಗೆ ಹಾಕಿಸಿದ್ದು.

ಆ ಸಾಲಿನ ತುದಿಯಲ್ಲಿ, ಹದಿಮೂರಕ್ಕೂ ಮೊದಲು, ಇನ್ನೊಂದು ಸ್ಲೈಡ್ ಇತ್ತು. ಹನ್ನೆರಡು. ಬೆಳಕಿಗೆ ಹಿಡಿದೆ. ಪೂರ್ತಿ ಕಪ್ಪು.

ಮರುದಿನ ಅವರ ಮನೆಗೆ ಹೋದೆ. ಬೀರು ಖಾಲಿಯಾಗಿತ್ತು, ಬಾಗಿಲು ತೆರೆದಿತ್ತು, ಬಲ್ಬು ಮಾತ್ರ ಇನ್ನೂ ಉರಿಯುತ್ತಿತ್ತು. ಅವರು ನೆಲದ ಮೇಲೆ ಕೂತು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು.

"ಆಂಟಿ, ಪುಲಿಕಾಟ್ ದಿನ ನಿಮ್ಮ ಎಡಗೈ ಎಲ್ಲಿತ್ತು?"

"ಯಾಕೆ ಲಾಯರಮ್ಮ, ಕೋಳ ತಂದಿದ್ದೀಯಾ?"

"ಗುಂಡಿ ತಿರುಗ್ತಿರ್ಲಿಲ್ಲ ಅಲ್ವಾ?"

"ತಿರುಗೋಕೆ ಒಳಗೆ ಏನಾದ್ರೂ ಇರ್ಬೇಕಲ್ಲ."

ನಾನು ಹನ್ನೊಂದು ಸ್ಲೈಡು, ಅಪ್ಪನ ಹದಿಮೂರನೆಯದು, ನಡುವೆ ಕಪ್ಪು ಹನ್ನೆರಡು, ಎಲ್ಲ ನೆಲದ ಮೇಲೆ ಸಾಲಾಗಿ ಇಟ್ಟೆ. ಅವರು ಸುತ್ತುತ್ತಿದ್ದ ಲೋಟ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಕಪ್ಪು ಸ್ಲೈಡನ್ನು ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ನೋಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಇದು ನಿಮ್ಮಪ್ಪನ ಹತ್ರ ಇತ್ತಾ?"

"ಪೆಟ್ಟಿಗೇಲಿ ಜೋಪಾನವಾಗಿ."

"ನಿಮ್ಮಪ್ಪ ಲ್ಯಾಬಿಂದ ತಂದು ನನಗೆ ಹನ್ನೊಂದು ಕೊಟ್ಟಾಗ ಇದೆಲ್ಲಿ ಅಂತ ನಾನೂ ಕೇಳ್ಲಿಲ್ಲ" ಅಂದರು. ಆಮೇಲೆ, ನಾನು ಕೇಳದೆಯೇ, ಹೇಳಿದರು.

ಹತ್ತು ಗಂಟೆಗೆ ಅಪ್ಪನ ರೋಲು ಮುಗಿದಿತ್ತು. ಫ್ಲೆಮಿಂಗೊಗಳು ಇನ್ನೂ ದೂರದಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು. ಮೀನಿನ ದೋಣಿಗಳು ವಾಪಸ್ ಬರುವಾಗ ಏಳುತ್ತವೆ ಅಂತ ದೋಣಿಯವರು ಹೇಳಿದ್ದರು. ಉಳಿದವರೆಲ್ಲ ಆಚೆ ದಡದಲ್ಲಿದ್ದರು. ಅಪ್ಪ ಹೊಸ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಾ ಕೂತಿದ್ದ. ಆಂಟಿ ತಮ್ಮ ಕ್ಯಾಮೆರಾದ ರೋಲನ್ನು ಹಿಂದಕ್ಕೆ ಸುತ್ತಿದರು, ಕಿವಿ ಹತ್ತಿರ ಇಟ್ಟುಕೊಂಡು, ತುದಿ ಕಳಚಿದ ಸದ್ದು ಕೇಳಿದ ತಕ್ಷಣ ನಿಲ್ಲಿಸಿ. ಹಾಗೆ ಮಾಡಿದರೆ ತುದಿ ಹೊರಗೇ ಉಳಿಯುತ್ತದೆ, ಬೇರೆ ಕ್ಯಾಮೆರಾಕ್ಕೆ ಹಾಕಬಹುದು. ಅಪ್ಪನಿಗೆ ಕೊಟ್ಟರು. ಹನ್ನೊಂದು ಆಗಿದೆ, ಬೆಳಕು ಬೀಳದ ಹಾಗೆ ಲೆನ್ಸಿಗೆ ಮುಚ್ಚಳ ಹಾಕಿಕೊಂಡು ಹನ್ನೆರಡು ಸಲ ಒತ್ತಿಬಿಡಿ, ಒಂದು ಹೆಚ್ಚಿಗೆ ಇರಲಿ, ಹದಿಮೂರನೇ ಫ್ರೇಮಿನಿಂದ ನಿಮ್ಮದು ಅಂದರು.

"ಅಪ್ಪ ಬೇಡ ಅನ್ಲಿಲ್ವಾ?"

"ಅಂದ್ರು. 'ನಿಮಗೆ?' ಅಂದ್ರು. ಬ್ಯಾಗಲ್ಲಿ ಇನ್ನೊಂದಿದೆ ಅಂದೆ."

"ಇರ್ಲಿಲ್ಲ."

"ನನ್ನ ಬ್ಯಾಗಲ್ಲಿ ಯಾವತ್ತು ಎರಡು ರೋಲ್ ಇತ್ತು?"

"ಹಾಗಾದ್ರೆ ಖಾಲಿ ಕ್ಯಾಮೆರಾದಲ್ಲಿ ಅಷ್ಟು ಹೊತ್ತು ಯಾಕೆ ಕ್ಲಿಕ್ ಮಾಡಿದ್ರಿ?"

"ಸುಮ್ನೆ ಕೂತಿದ್ರೆ ನಿಮ್ಮಪ್ಪ ನನ್ ಕಡೆ ನೋಡ್ತಿದ್ರು. ಫ್ಲೆಮಿಂಗೊ ಕಡೆ ನೋಡ್ಬೇಕಿತ್ತು."

ನಾನು ಬಿಡಲಿಲ್ಲ. "ವ್ಯಾನಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಲ್ಯಾಬಿಗೆ ಕೊಡೋಕೆ ಎಲ್ಲರ ರೋಲೂ ಕೇಳಿದ್ರು, ನಂದಿಲ್ಲ ಅಂದೆ. ಕ್ಯಾಮೆರಾ ತೆಗೆದು ನೋಡಿ ಎಲ್ಲಾ ನಕ್ರು. ಯಾಕಿಲ್ಲ ಅಂತ ಒಬ್ರೂ ಕೇಳ್ಲಿಲ್ಲ ಕಣೇ. ನೀನಿದ್ದಿದ್ರೆ ಕೇಳ್ತಿದ್ದೆಯೇನೋ."

"ಒಂಬತ್ತು ವರ್ಷ ನಿಮ್ಮನ್ನ ಇಟ್ಕೊಂಡು ನಗ್ತಿದ್ದಾರೆ. ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಮೊದಲ್ನೇ ಸಲ ಕೋಪ ಬಂತು. ಎರಡನೇ ಸಲಾನೂ ಬಂತು." ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. "ಆಮೇಲೆ ನಿಮ್ಮಪ್ಪ ಕತೆ ಹೇಳೋದ್ರಲ್ಲಿ ಇಂಪ್ರೂವ್ ಆಗ್ಬಿಟ್ರು. ಫೋಟೋ ತೆಗೆಯೋದ್ರಲ್ಲೂ ಆದ್ರು. ಹೋದ ಭಾನುವಾರ ಕೆರೇಲಿ ಅವರು ತೆಗೆದ ಮಿಂಚುಳ್ಳಿ ನೋಡಿದ್ಯಾ? ಒಂಬತ್ತೇ ಹೆಜ್ಜೆ. ನನ್ನನ್ನ ಅದು ಹನ್ನೆರಡರ ಒಳಗೆ ಯಾವತ್ತೂ ಬಿಟ್ಟಿಲ್ಲ." ಆ ಒಂಬತ್ತನ್ನು ಹೇಳುವಾಗ ಅವರ ದನಿಯಲ್ಲಿದ್ದ ಜಂಬ, ಸ್ವಂತ ಫೋಟೋದ ಬಗ್ಗೆ ಹೇಳುವಾಗ ನಾನು ಯಾವತ್ತೂ ಕೇಳಿರಲಿಲ್ಲ.

ಅದು ನಿಜ. ಅಪ್ಪ ಈ ಒಂಬತ್ತು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಅಟ್ಟದ ಮೇಲೆ ಹೊಸದೇನೂ ಹೋಗಿಲ್ಲ.

"ಕೊನೇ ಪ್ರಶ್ನೆ" ಅಂದೆ. "ಬ್ಯಾಗಲ್ಲಿ ಇನ್ನೊಂದಿದೆ ಅಂದ್ರಲ್ಲ. ಅಪ್ಪ ನಂಬಿದ್ರಾ?"

ಆಂಟಿ ಎದ್ದು ಬೀರುವಿನ ಹತ್ತಿರ ಹೋದರು. ಸೆರಗಿನ ತುದಿಯಿಂದ ಹಿಡಿದು ಬಿಸಿ ಬಲ್ಬನ್ನು ತಿರುಗಿಸಿ ತೆಗೆದರು. ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ನಿಮ್ಮನೆ ಬೀರುಗೆ ಹಾಕು. ಅವರ ಲೆನ್ಸನ್ನ ಬಟ್ಟೆ ಜತೆ ಇಟ್ಟಿದ್ದಾರೆ, ಎಷ್ಟು ಸಲ ಹೇಳಿದ್ರೂ ಕೇಳಲ್ಲ." ಆಮೇಲೆ ಬಾಗಿಲವರೆಗೆ ಬಂದು, "ಆ ಪ್ರಶ್ನೆ ನನ್ನ ಕೇಳೋದಲ್ಲ ಕಣೇ" ಅಂದರು.

ಅವರು ಮೈಸೂರಿಗೆ ಹೋಗಿ ಈಗ ಒಂದು ವರ್ಷವಾಯಿತು. ಕುಕ್ಕರಹಳ್ಳಿ ಕೆರೆಯ ಸುತ್ತ ಹೆಜ್ಜೆ ಎಣಿಸುತ್ತಿದ್ದಾರಂತೆ. ಇಲ್ಲಿಗಿಂತ ಅಲ್ಲಿನ ಹಕ್ಕಿಗಳಿಗೆ ಭಯ ಕಡಿಮೆ ಅಂತ ಕಾಗದ ಬರೆದಿದ್ದರು. ಬಲ್ಬು ನಮ್ಮ ಬೀರುವಿನಲ್ಲಿ ಉರಿಯುತ್ತಿದೆ.

ನಾನು ಸುಮ್ಮನಿದ್ದೆ, ಒಂದು ವರ್ಷ. ಚರ್ಚೆಯಲ್ಲಿ ಗೆಲ್ಲುವ ಪುರಾವೆ ಕೈಯಲ್ಲಿದ್ದೂ ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಇದೇ ಮೊದಲು. ಹೋದ ವಾರ ಚಿಕ್ಕಪ್ಪನ ಮನೆಯವರು ಬಂದರು. ಅಪ್ಪ ಫ್ಲೆಮಿಂಗೊ ಫೋಟೋದ ಕೆಳಗೆ ಕೂತು, "ನಮ್ಮ ಮೇಡಂ ಮಂಡಿಯೂರಿ ಕೂತು..." ಅಂತ ಶುರು ಮಾಡಿದ. ಎಲ್ಲರೂ ನಕ್ಕರು. ಅವರು ಹೋದ ಮೇಲೆ ನಾನು ಪೆಟ್ಟಿಗೆ ತಂದೆ, ಆಂಟಿ ನನ್ನ ಹತ್ತಿರವೇ ಬಿಟ್ಟುಹೋಗಿದ್ದ ಹನ್ನೊಂದು ಸ್ಲೈಡನ್ನೂ ತಂದೆ. ಊಟದ ಮೇಜಿನ ಮೇಲೆ ಒಂದರಿಂದ ಹನ್ನೊಂದು, ಹನ್ನೆರಡು, ಹದಿಮೂರರಿಂದ ಮೂವತ್ತಾರು, ಪೂರ್ತಿ ರೋಲನ್ನು ಸಾಲಾಗಿ ಜೋಡಿಸಿದೆ. ಅಮ್ಮ ಲೋಟಗಳನ್ನು ಎತ್ತುತ್ತಿದ್ದವಳು ನಿಂತಳು. ಅಪ್ಪ ಬಂದು ನೋಡಿದ. ಹನ್ನೊಂದರ ಮೇಲೆ ಅವನ ಕಣ್ಣು ನಿಲ್ಲಲಿಲ್ಲ, ಇಪ್ಪತ್ತೇಳರ ಮೇಲೂ ನಿಲ್ಲಲಿಲ್ಲ. ಕಪ್ಪು ಸ್ಲೈಡನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಅದರ ಜಾಗದಲ್ಲೇ ವಾಪಸ್ ಇಟ್ಟ.

"ಅವರು ಒಂದೇ ರೋಲ್ ತರ್ತಾರೆ ಅಂತ ಕ್ಲಬ್ಬಿಗೆಲ್ಲ ಗೊತ್ತಿತ್ತು" ಅಂದೆ. "ನಿನಗೂ ಗೊತ್ತಿತ್ತು. ಬ್ಯಾಗಲ್ಲಿ ಇನ್ನೊಂದಿದೆ ಅಂದಾಗ, ಅಪ್ಪ, ನೀನು ನಂಬಿದ್ಯಾ?"